ನೂರಕ್ಕೆ ತೊಂಬತ್ತೆಂಟು

ಮಾರ್ಚ್ ೩, ಸೋಮವಾರ

ನಾಳೆ ಆರೈಕೆ ಕಚೇರಿಯಿಂದ ತನಿಖೆಗೆ ಬರುತ್ತಾರಂತೆ. ತಮ್ಮನನ್ನು ಮನೆಯಲ್ಲಿ ಹೇಗೆ ನೋಡಿಕೊಳ್ಳುತ್ತಿದ್ದೇವೆ ಎಂದು ನೋಡಿ ನೂರಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರಂತೆ. ಅಂಕ! ನಾನೇನು ಪರೀಕ್ಷೆಗೆ ಕೂತಿದ್ದೀನಾ?

ಹಾಕಲಿ. ನನಗೇನು ಭಯವಿಲ್ಲ. ಅವನಿಗೆ ಮೂವತ್ತೆಂಟು ವರ್ಷ. ಹುಟ್ಟಿದಾಗಿನಿಂದ ಕೈಕಾಲು ಸೆಟೆದುಕೊಂಡಿದೆ, ಮಾತಿಲ್ಲ, ಆಗಾಗ ಫಿಟ್ಸ್ ಬರುತ್ತದೆ. ಊಟವನ್ನು ರುಬ್ಬಿ ಕೊಡಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅಪ್ಪ ಹೋಗಿ ಇಪ್ಪತ್ತೊಂದು ವರ್ಷ, ಅಮ್ಮ ಹೋಗಿ ಒಂಬತ್ತು. ಇಷ್ಟು ವರ್ಷದಲ್ಲಿ ಅವನ ಬೆನ್ನ ಮೇಲೆ ಒಂದೇ ಒಂದು ಹುಣ್ಣು ಆಗಿದ್ದರೆ ತೋರಿಸಲಿ, ನನ್ನ ಕಿವಿ ಕೊಯ್ದು ಕೊಡುತ್ತೇನೆ.

ಬೆಳಗಿನ ಕೆಲಸವೆಲ್ಲ ನನ್ನದು. ಒಂಬತ್ತಕ್ಕೆ ಅವನನ್ನು ನೋಡಿಕೊಳ್ಳಲು ಏಜೆನ್ಸಿಯ ಅಮ್ಮ ಬರುತ್ತಾರೆ, ಐದರವರೆಗೆ ಇರುತ್ತಾರೆ. ಒಂಬತ್ತು ಎಂದರೆ ಒಂಬತ್ತೇ, ಒಂದು ನಿಮಿಷ ಹೆಚ್ಚಿಲ್ಲ ಕಡಿಮೆಯಿಲ್ಲ. ಅದಕ್ಕೇ ನಾನು ಅವರಿಗೆ ಗಡಿಯಾರದಮ್ಮ ಎಂದು ಹೆಸರಿಟ್ಟಿದ್ದೇನೆ. ಅವರು ಬಂದರೆ ನಾನು ಕನ್ನಡಕದ ಅಂಗಡಿಗೆ ಹೋಗಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸಬಹುದು. ಅವರ ಎಂಟು ಗಂಟೆಯನ್ನು ಕೊಡುವುದು ಕಚೇರಿ. ಆ ಎಂಟು ಗಂಟೆಯ ಮೇಲೆ ಈ ಮನೆ ನಿಂತಿದೆ.

ಇವತ್ತು ಮೂರು ಗಂಟೆ ನೆಲ ತಿಕ್ಕಿದೆ. ಪರದೆ ಒಗೆದೆ. ತಮ್ಮನ ಗಾಲಿಕುರ್ಚಿಯ ಗಾಲಿಯನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆ. ಅವನು ನೋಡಿ ನೋಡಿ ನಕ್ಕ. "ನಗು, ನಗು. ನಾಳೆ ನಿನ್ನ ಮದುವೆ ಅಂತ ತಿಳ್ಕೊಂಡಿದೀಯಾ?" ಎಂದೆ. ಕಣ್ಣು ಬಿಗಿಯಾಗಿ ಮುಚ್ಚಿದ. ಕಣ್ಣು ಮುಚ್ಚಿದರೆ ಇಲ್ಲ, ಮೇಲೆ ನೋಡಿದರೆ ಹೌದು. ಅದೇ ಅವನ ಭಾಷೆ. ಅಪ್ಪ ಕಲಿಸಿದ್ದು.

ಮಾರ್ಚ್ ೪, ಮಂಗಳವಾರ

ಬಂದದ್ದು ಹೊಸ ಚೀಲ ಹೆಗಲಿಗೆ ಹಾಕಿಕೊಂಡ, ಎಣ್ಣೆ ಹಚ್ಚಿ ತಲೆ ಬಾಚಿದ ಮನುಷ್ಯ. ಕೈಯಲ್ಲಿ ಹದಿನಾಲ್ಕು ಪುಟದ ನಮೂನೆ. ಟಿಕ್, ಟಿಕ್, ಟಿಕ್. ತಲೆ ಎತ್ತುವ ಅಭ್ಯಾಸವೇ ಇಲ್ಲ. ಟಿಕ್ ಮಹಾಶಯ ಎಂದೇ ಕರೆಯಬೇಕು ಇವನನ್ನು.

"ಬೆಡ್‌ಸೋರ್ ಇದೆಯಾ?"

"ಬನ್ನಿ, ನೋಡಿ" ಎಂದು ತಮ್ಮನ ಬೆನ್ನು ತೋರಿಸಿದೆ. ಮೈ ಮಗುವಿನ ಮೈ ಹಾಗಿದೆ. ಟಿಕ್. ಉಗುರು ಕತ್ತರಿಸಿದೆ, ಕಿವಿ ಶುಚಿಯಾಗಿದೆ, ತೂಕ ಕಳೆದ ವರ್ಷಕ್ಕಿಂತ ಒಂದೂವರೆ ಕೇಜಿ ಹೆಚ್ಚು. ಟಿಕ್, ಟಿಕ್, ಟಿಕ್.

"ಸ್ವಂತ ಕುಡೀತಾರಾ?"

ಇದಕ್ಕೇ ನಾನು ಕಾಯುತ್ತಿದ್ದೆ. ಎರಡು ಹಿಡಿಯ ಮುಚ್ಚಳದ ಕಪ್ಪನ್ನು ಗಡಿಯಾರದಮ್ಮ ಅವನ ಬೆರಳುಗಳ ನಡುವೆ ಕೂರಿಸಿದರು. "ತೋರ್ಸೋ ನನ್ನಪ್ಪ, ಮಾನ ಉಳ್ಸು" ಎಂದೆ. ಕೈ ನಡುಗುತ್ತ ಮೇಲೆ ಬಂತು, ಕಪ್ಪು ತುಟಿಗೆ ತಾಗಿತು, ಒಂದು, ಎರಡು, ಮೂರು ಗುಟುಕು. ಹೆಮ್ಮೆಯಲ್ಲಿ ನನಗೆ ಕಣ್ಣು ತುಂಬಿತು. ಕಪ್ಪು ಹಿಡಿಯಲು ಅವನಿಗೆ ನಾಲ್ಕು ವರ್ಷ ಹಿಡಿದಿದೆ. ಟಿಕ್ ಮಹಾಶಯ ಮೊದಲ ಬಾರಿಗೆ ತಲೆ ಎತ್ತಿ "ವೆರಿ ಗುಡ್" ಎಂದ.

ಇಪ್ಪತ್ತೈದು ನಿಮಿಷದಲ್ಲಿ ಎಲ್ಲ ಮುಗಿಯಿತು. ನೂರಕ್ಕೆ ತೊಂಬತ್ತೆಂಟು. ಈ ಭಾಗದಲ್ಲಿ ಇಷ್ಟು ಯಾರಿಗೂ ಬಂದಿಲ್ಲವಂತೆ. ಆ ಎರಡು ಅಂಕ ಎಲ್ಲಿ ಹೋಯಿತೆಂದು ಕೇಳಿದೆ. ಫ್ಯಾನಿನ ರೆಕ್ಕೆಯ ಮೇಲೆ ಧೂಳಿತ್ತಂತೆ. ತಲೆ ಎತ್ತದವನಿಗೆ ಫ್ಯಾನ್ ಹೇಗೆ ಕಾಣಿಸಿತೋ!

ಮಾರ್ಚ್ ೨೦, ಗುರುವಾರ



ಕಾಗದ ಬಂದಿದೆ. "ಆರೈಕೆಯ ಗುಣಮಟ್ಟ ಅತ್ಯುತ್ತಮವಾಗಿದ್ದು, ವ್ಯಕ್ತಿಯ ಸ್ಥಿತಿ ಸ್ಥಿರವಾಗಿರುವುದರಿಂದ ಹಾಗೂ ಅವರು ಸ್ವತಂತ್ರವಾಗಿ ದ್ರವಾಹಾರ ಸೇವಿಸಲು ಶಕ್ತರಾಗಿರುವುದರಿಂದ, ಸಹಾಯದ ಅವಧಿಯನ್ನು ದಿನಕ್ಕೆ ಎಂಟು ಗಂಟೆಗಳಿಂದ ಮೂರು ಗಂಟೆಗಳಿಗೆ ಇಳಿಸಲಾಗಿದೆ." ಏಪ್ರಿಲ್ ಒಂದರಿಂದ.

ಮೂರು ಗಂಟೆ!

ಅಂದರೆ ಚೆನ್ನಾಗಿ ನೋಡಿಕೊಂಡಿದ್ದಕ್ಕೆ ಈ ಶಿಕ್ಷೆ. ಹುಣ್ಣಾಗಿದ್ದರೆ, ನಾರುತ್ತಿದ್ದರೆ, ಎಲುಬು ಎಣಿಸುವ ಹಾಗೆ ಸೊರಗಿದ್ದರೆ ಎಂಟು ಗಂಟೆ ಉಳಿಯುತ್ತಿತ್ತು. ಅವನು ಕಪ್ಪು ಎತ್ತುವುದು ಯಾವಾಗ? ಗಡಿಯಾರದಮ್ಮ ಮುಕ್ಕಾಲು ಗಂಟೆ ಅವನ ಭುಜ ಸಡಿಲಿಸಿ, ಕತ್ತಿನ ಹಿಂದೆ ಟವೆಲ್ ಸುತ್ತಿಟ್ಟು, ಮೊಣಕೈ ಕೆಳಗೆ ದಿಂಬು ಕೊಟ್ಟ ಮೇಲೆ. ಆ ಮುಕ್ಕಾಲು ಗಂಟೆ ಕಾಣಿಸಲಿಲ್ಲ, ಮೂರು ಗುಟುಕು ಕಂಡವು.

ಗಡಿಯಾರದಮ್ಮನಿಗೆ ಓದಿ ಹೇಳಿದೆ. "ನೀವೇ ತೋರಿಸಿದ್ರಲ್ಲ ಅಕ್ಕಾ" ಎಂದರು. ಮೈಯೆಲ್ಲ ಉರಿದುಹೋಯಿತು. ನಿಜವನ್ನೇ ಹೇಳಿದ್ದಕ್ಕೆ ಇನ್ನೂ ಹೆಚ್ಚು ಉರಿಯಿತು.

ಮಾರ್ಚ್ ೨೧, ಶುಕ್ರವಾರ

ಕಚೇರಿಗೆ ಫೋನು. ಹನ್ನೊಂದು ಸಲ ಮಾಡಿದ ಮೇಲೆ ಒಬ್ಬಳು ಎತ್ತಿಕೊಂಡಳು.

"ಮೇಡಂ, ನಿಮಗೆ ತೊಂಬತ್ತೆಂಟು ಬಂದಿದೆ. ಇಷ್ಟು ಒಳ್ಳೇ ಅಂಕ ಬಂದವ್ರು ಯಾರೂ ದೂರು ಕೊಡಲ್ಲ."

"ಅಂಕ ತಗೊಂಡು ಏನ್ ಮಾಡ್ಲಿ ತಾಯೀ? ಗೋಡೆಗೆ ನೇತುಹಾಕ್ಲಾ? ನಂಗೆ ಗಂಟೆ ಬೇಕು."

"ಅಂಕ ಕಡಿಮೆ ಬಂದಿದ್ರೆ ಗಂಟೆಗೆ ಅರ್ಜಿ ಹಾಕ್ಬೋದಿತ್ತು."

"ಹಾಗಾದ್ರೆ ಕಡಿಮೆ ಮಾಡಿ!"

"ಕಡಿಮೆ ಮಾಡೋಕೆ ಮರುತನಿಖೆ ಆಗ್ಬೇಕು. ಮರುತನಿಖೆಗೆ ಕಾರಣ ಬೇಕು. ಅತ್ಯುತ್ತಮ ಅನ್ನೋದು ಕಾರಣ ಅಲ್ಲ ಮೇಡಂ."

ಫೋನನ್ನು ನೆಲಕ್ಕೆ ಬಡಿಯೋಣ ಎನಿಸಿತು. ಹೊಸದು ಕೊಳ್ಳುವವರು ಯಾರು ಎಂದು ಸುಮ್ಮನೆ ಮೇಜಿನ ಮೇಲಿಟ್ಟೆ. ಅರ್ಜಿ ಬರೆದೆ. ಕಾರಣ ಎಂಬಲ್ಲಿ "ನಿಮ್ಮ ತಲೆ" ಎಂದು ಬರೆದು, ಹೊಡೆದುಹಾಕಿ, "ಕಪ್ಪಿನ ಹಿಂದಿನ ಕೆಲಸವನ್ನು ನೋಡಿಲ್ಲ" ಎಂದು ಬರೆದೆ.

ಮಾರ್ಚ್ ೨೨, ಶನಿವಾರ

ಅಂಗಡಿ ಯಜಮಾನರಿಗೆ ವಿಷಯ ಹೇಳಿದೆ. ಕನ್ನಡಕ ಹಣೆಗೇರಿಸಿ ಕೇಳಿಸಿಕೊಂಡರು. ಒಳ್ಳೆಯವರು, ಆದರೆ ಅರ್ಧ ದಿನ ಬರುವವಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಮೇ ಕೊನೆಯವರೆಗೆ ನೋಡೋಣ ಎಂದರು.

"ಮುಂದಿನ ಸಲ ಬಂದಾಗ ಸ್ವಲ್ಪ ಉಪಾಯ ಮಾಡಮ್ಮ. ನಾಲ್ಕು ದಿನ ಗಡ್ಡ ತೆಗೀಬೇಡ. ಹಳೇ ಅಂಗಿ ಹಾಕು. ಆ ಕಪ್ಪನ್ನ ಬಚ್ಚಿಡು."

"ನಮ್ಮನೇಲಿ ಹಾಗೆಲ್ಲ ಇಲ್ಲ ಸಾರ್" ಎಂದೆ, ದೊಡ್ಡ ಘನಂದಾರಿಯ ಹಾಗೆ.

ಏಪ್ರಿಲ್ ೧, ಮಂಗಳವಾರ

ಗಡಿಯಾರದಮ್ಮ ಒಂಬತ್ತಕ್ಕೆ ಬಂದರು, ಹನ್ನೆರಡಕ್ಕೆ ಹೋದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಕಣ್ಣೊರೆಸಿಕೊಂಡದ್ದನ್ನು ನೋಡಿದೆ. ಹಾಳಾಗಿ ಹೋಗಲಿ ಆ ಕಚೇರಿ.

ಏಪ್ರಿಲ್ ೯, ಬುಧವಾರ

ಹನ್ನೆರಡಕ್ಕೆ ಮನೆಯಲ್ಲಿರಬೇಕಿತ್ತು. ಗಿರಾಕಿಯೊಬ್ಬ ಗಾಜು ಸರಿ ಕೂತಿಲ್ಲ ಎಂದು ತಗಾದೆ ತೆಗೆದ. ಮನೆ ಸೇರುವಾಗ ಹನ್ನೆರಡೂ ಐವತ್ತು. ಗಡಿಯಾರದಮ್ಮ ಹನ್ನೆರಡೂ ಹತ್ತರವರೆಗೆ ಕಾದು, ಇನ್ನೊಂದು ಮನೆಗೆ ಹೋಗಲೇಬೇಕಾಗಿ ಹೋಗಿದ್ದರು.

ತಮ್ಮ ಕುರ್ಚಿಯಲ್ಲಿ ಕೆಳಕ್ಕೆ ಜಾರಿದ್ದ. ಎದೆಯ ಬೆಲ್ಟು ಕುತ್ತಿಗೆಯ ಹತ್ತಿರ ಬಂದಿತ್ತು. ಎಡಗೈ ತೊಡೆ ಮತ್ತು ಕುರ್ಚಿಯ ಕಂಬಿಯ ನಡುವೆ ಸಿಕ್ಕಿಹಾಕಿಕೊಂಡು ಬೆರಳು ನೀಲಿಯಾಗಿದ್ದವು. ನಲವತ್ತು ನಿಮಿಷ. ಕೂಗಿ ಕೂಗಿ ಅವನ ಗಂಟಲು ಒಣಗಿಹೋಗಿತ್ತು, ಸದ್ದು ಬರಲಿಲ್ಲ.

ಬೆರಳು ತಿಕ್ಕಿದೆ. ಬಣ್ಣ ನಿಧಾನ ತಿರುಗಿತು. ಡಾಕ್ಟರು ಬಂದು ನೋಡಿ ಮುರಿದಿಲ್ಲ ಎಂದರು. ಕ್ಷಮಿಸೋ ಎಂದು ಕೇಳಲು ಬಾಯಿ ತೆರೆದೆ. ಬಂದದ್ದು ಬೈಗಳು. ಕಚೇರಿಗೆ, ಗಿರಾಕಿಗೆ, ಟಿಕ್ ಮಹಾಶಯನ ಏಳು ತಲೆಮಾರಿಗೆ. ಬೈದಷ್ಟೂ ತಮ್ಮ ನನ್ನನ್ನೇ ನೋಡುತ್ತಿದ್ದ.

ಏಪ್ರಿಲ್ ೧೧, ಶುಕ್ರವಾರ

ಕೈ ಸಿಕ್ಕಿಕೊಂಡ ವಿಷಯವನ್ನು ಡಾಕ್ಟರ ಚೀಟಿ ಸಮೇತ ಕಳಿಸಿದ ಮೇಲೆ ಕಚೇರಿಗೆ "ಕಾರಣ" ಸಿಕ್ಕಿತಂತೆ. ಹದಿನೇಳಕ್ಕೆ ಮರುತನಿಖೆ. ಅವನ ಬೆರಳು ನೀಲಿಯಾದದ್ದಕ್ಕೆ ಅವರಿಗೆ ಒಂದು ಕಾರಣ ಸಿಕ್ಕಿತು, ಎಂಥ ಪುಣ್ಯ!

ಯಜಮಾನರು ಹೇಳಿದ್ದೇ ಸರಿ. ಘನಂದಾರಿಕೆ ಸಾಕು. ಸೋಮವಾರದಿಂದ ಗಡ್ಡ ತೆಗೆಯುವುದಿಲ್ಲ. ಹದಿನಾರರ ರಾತ್ರಿ ಕಪ್ಪನ್ನು ಅಡುಗೆಮನೆಯ ಮೇಲಿನ ಹಲಗೆಗೆ ಹಾಕುತ್ತೇನೆ. ತಮ್ಮನಿಗೆ ಹೇಳಿದೆ: "ನಾಲ್ಕೇ ದಿನ ಕಣೋ. ಸ್ವಲ್ಪ ಕೆಟ್ಟದಾಗಿ ಕಾಣ್ಬೇಕು ನಾವು."

ಕಣ್ಣು ಮುಚ್ಚಿದ. ಹುಬ್ಬು ಗಂಟಾಗುವಷ್ಟು ಬಿಗಿಯಾಗಿ.

"ಆಯ್ತಾಯ್ತು, ಕೇಳಿಸ್ತು" ಎಂದು ದೀಪ ಆರಿಸಿದೆ. ಅವನಿಗೇನು ಗೊತ್ತು ಇದರ ಕಷ್ಟ.

ಏಪ್ರಿಲ್ ೧೭, ಗುರುವಾರ

ಎಲ್ಲವನ್ನೂ ಬರೆದಿಡುತ್ತೇನೆ. ಇಲ್ಲದಿದ್ದರೆ ತಲೆ ಸಿಡಿದುಹೋಗುತ್ತದೆ.

ಹತ್ತಕ್ಕೆ ಬರುತ್ತಾರೆ ಅಂದುಕೊಂಡಿದ್ದೆ. ಏಳೂವರೆಗೇ ಬಾಗಿಲು ತಟ್ಟಿದರು. ಅರವತ್ತರ ಹತ್ತಿರದ ಹೆಂಗಸು, ದಪ್ಪ ಕನ್ನಡಕ, ಒಂದು ಮೊಣಕಾಲು ಮಡಚಲು ಬರುವುದಿಲ್ಲ. "ನಾನು ಮಧ್ಯಾಹ್ನದವರೆಗೂ ಇರ್ತೀನಿ. ನೀವು ದಿನಾ ಮಾಡೋದನ್ನ ಮಾಡಿ" ಎಂದು ಒಂದು ಮೂಲೆಯಲ್ಲಿ ಕಾಲು ನೀಡಿಕೊಂಡು ಕೂತರು. ಟೀ ಕೊಟ್ಟರೆ ಬೇಡ ಎಂದರು. ಅವರ ಮುಂದೆಯೇ ತಮ್ಮನನ್ನು ಸ್ನಾನದ ಕುರ್ಚಿಗೆ ಎತ್ತಿ ಒಳಗೆ ಕರೆದುಕೊಂಡು ಹೋಗಿ, ಸ್ನಾನ ಮಾಡಿಸಿ, ಮೈಯೊರೆಸಿ, ಬಟ್ಟೆ ಹಾಕಿ ತಂದೆ. ಅವರು ಒಳಗೆ ಬರಲಿಲ್ಲ. ಗಡಿಯಾರ ನೋಡಿ ಏನೋ ಬರೆದುಕೊಂಡರು, ಅಷ್ಟೇ.

ಒಂಬತ್ತಕ್ಕೆ ಗಡಿಯಾರದಮ್ಮ ಬಂದು, ಅಭ್ಯಾಸಬಲದಿಂದ ಭುಜ ಸಡಿಲಿಸಿ, ದಿಂಬು ಕೊಟ್ಟು, "ಅಕ್ಕಾ, ಕಪ್ ಎಲ್ಲಿ?" ಎಂದರು. ನಾನು ಕಣ್ಣು ಬಿಟ್ಟು ಸನ್ನೆ ಮಾಡಿದೆ. ಅವರಿಗೆ ಅರ್ಥವಾಗಲಿಲ್ಲ. "ಎಲ್ಲಿಟ್ರಿ? ಸಾಹೇಬ್ರು ಕಾಯ್ತಿದಾರೆ" ಎಂದು ಹಲಗೆ ಹಲಗೆ ಹುಡುಕಿ ತಂದೇಬಿಟ್ಟರು. ತಮ್ಮ ಎತ್ತಿ ಕುಡಿದ. ಮೂರಲ್ಲ, ಐದು ಗುಟುಕು. ಮುಗಿಯಿತು ನಮ್ಮ ಕಥೆ ಎಂದುಕೊಂಡೆ.

ಆ ಮೇಡಂ ಕುರ್ಚಿಯನ್ನು ಅವನ ಎದುರಿಗೆ ಎಳೆದುಕೊಂಡು ಕೂತರು.

"ನಮಸ್ಕಾರ. ನಿಮ್ಮನ್ನ ಸ್ವಲ್ಪ ಪ್ರಶ್ನೆ ಕೇಳ್ಬೋದಾ?"

ನಿಮ್ಮನ್ನ! ನನಗೆ ನಗು ಬಂತು. ಅವನನ್ನು ಯಾರೂ ಬಹುವಚನದಲ್ಲಿ ಮಾತಾಡಿಸಿದ್ದಿಲ್ಲ. ಗಡಿಯಾರದಮ್ಮನ ಸಾಹೇಬ್ರು ಏನಿದ್ದರೂ ತಮಾಷೆಗೆ. ಅವನು ಅವರನ್ನು ಒಂದು ಕ್ಷಣ ದಿಟ್ಟಿಸಿ, ಕಣ್ಣು ಮೇಲೆತ್ತಿದ.

"ಹೌದು ಅಂತಿದಾನೆ" ಎಂದೆ.

"ಗೊತ್ತಾಯ್ತಮ್ಮ. ನೀವು ಸ್ವಲ್ಪ ಸುಮ್ನಿರಿ."

ನನ್ನ ಮನೆಯಲ್ಲಿ ನನಗೇ ಬಾಯಿ ಮುಚ್ಚು ಎನ್ನುವವಳು!

"ಗಡ್ಡ ಬಂದಿದೆಯಲ್ಲ. ನಿಮಗೆ ಇಷ್ಟಾನಾ?" ಕಣ್ಣು ಮುಚ್ಚಿದ. "ತೆಗೆಯೋಕೆ ಮರೆತುಹೋಯ್ತಾ?" ಮುಚ್ಚಿದ. "ನಾನು ಬರ್ತೀನಿ ಅಂತ ಬೇಕೂಂತಲೇ ಬಿಟ್ಟಿದ್ದಾ?"

ಮೇಲೆ ನೋಡಿದ. ಚಾಡಿಕೋರ! ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು! ನನ್ನ ಮುಖಕ್ಕೆ ಬೆಂಕಿ ಹತ್ತಿದ ಹಾಗಾಯಿತು. ಗಡಿಯಾರದಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಆ ಮೇಡಂ ಮಾತ್ರ ನಗಲಿಲ್ಲ. ಬೈಯಲೂ ಇಲ್ಲ. ಪುಟ ತಿರುಗಿಸಿದರು.

"ಸ್ನಾನ ಅಕ್ಕ ಮಾಡಿಸ್ತಾರೆ. ಅದು ನಿಮಗೆ ಸರಿ ಅನ್ಸತ್ತಾ?"

ಇದೊಂದು ಪ್ರಶ್ನೆಯಾ! ಮತ್ಯಾರು ಮಾಡಿಸಬೇಕು? ಅವನು ನನ್ನ ಕಡೆ ನೋಡಿದ, ಆಮೇಲೆ ಕಿಟಕಿ ಕಡೆ ನೋಡಿದ. ಆಮೇಲೆ ಕಣ್ಣು ಮುಚ್ಚಿದ.

"ನಿದ್ದೆ ಬಂದಿರ್ಬೇಕು" ಎಂದೆ.

"ಇನ್ನೊಂದ್ಸಲ ಕೇಳ್ತೀನಿ. ತಪ್ಪು ತಿಳ್ಕೋಬೇಡಿ, ಅಕ್ಕ ಚೆನ್ನಾಗಿ ನೋಡ್ಕೊಳ್ತಾರೆ ಅಲ್ವಾ?" ಮೇಲೆ ನೋಡಿದ, ತಕ್ಷಣ. "ಆದ್ರೆ ಸ್ನಾನ ಅವ್ರು ಮಾಡಿಸೋದು ಬೇಡ?" ಮೇಲೆ. "ಈ ಅಮ್ಮ ಮಾಡಿಸಿದ್ರೆ?" ಮುಚ್ಚಿದ. "ಗಂಡಸ್ರು ಯಾರಾದ್ರೂ ಬಂದ್ರೆ?"

ಮೇಲೆ ನೋಡಿದ. ನೋಡಿದವನು ಕಣ್ಣು ಇಳಿಸಲೇ ಇಲ್ಲ. ರೆಪ್ಪೆ ನಡುಗುತ್ತಿತ್ತು, ಕಣ್ಣಲ್ಲಿ ನೀರು ತುಂಬಿತು, ಆದರೂ ಸೂರಿನ ಕಡೆಯೇ ನೋಡುತ್ತಿದ್ದ. ಎಲ್ಲಿ ನಾವು ನೋಡದೇ ಹೋಗಿಬಿಡುತ್ತೇವೋ ಎನ್ನುವ ಹಾಗೆ.

"ಸರಿ, ಸರಿ. ನೋಡ್ದೆ" ಎಂದರು ಅವರು. "ಎಷ್ಟು ಸಮಯದಿಂದ ಹೀಗನ್ಸತ್ತೆ? ಒಂದು ವರ್ಷ?" ಮುಚ್ಚಿದ. "ಐದು? ಹತ್ತು?" ಮುಚ್ಚಿದ. "ಅದಕ್ಕಿಂತ ಹೆಚ್ಚಾ?"

ಹೌದಂತೆ.

ಅಪ್ಪ ಇದ್ದಾಗ ಅಪ್ಪ ಮಾಡಿಸುತ್ತಿದ್ದರು. ಅವರು ಹೋದಾಗ ಇವನಿಗೆ ಹದಿನೇಳು. ಆಮೇಲೆ ಅಮ್ಮ ಮತ್ತು ನಾನು, ಆಮೇಲೆ ನಾನೊಬ್ಬಳೇ.

ನನ್ನ ಬಾಯಿ ಸುಮ್ಮನಿರಲಿಲ್ಲ. "ಇಪ್ಪತ್ತೊಂದು ವರ್ಷ ಒಂದು ದಿನ ಬಿಡದೆ ಮೈ ತೊಳೆದಿದೀನಿ ಮೇಡಂ. ಜ್ವರ ಬಂದಾಗ್ಲೂ. ಸೊಂಟ ಹಿಡ್ಕೊಂಡಾಗ್ಲೂ. ಅದಕ್ಕೆ ಅಂಕ ಎಲ್ಲಿದೆ ನಿಮ್ಮ ಕಾಗದದಲ್ಲಿ?"

"ಅದಕ್ಕೆ ಅಂಕ ಇಲ್ಲಮ್ಮ" ಎಂದರು. ಒಣ ದನಿಯಲ್ಲಿ, ಆದರೆ ಕೆಟ್ಟದಾಗಿ ಅಲ್ಲ. "ಇಲ್ಲಿರೋದು ಒಂದೇ ಪ್ರಶ್ನೆ. ಮೈ ಮುಟ್ಟೋ ಕೆಲಸದಲ್ಲಿ ಅವರ ಇಷ್ಟ ಕೇಳಿದೀರಾ ಅಂತ. ಮೊದಲು ಬಂದವರು ಇದಕ್ಕೆ ಪೂರ್ತಿ ಅಂಕ ಹಾಕಿದಾರೆ. ಕೇಳಿದ್ರಾ?"

ನಾನು ಖಾಲಿ ಕಪ್ಪನ್ನು ಎತ್ತಿಕೊಂಡು ಒರೆಸತೊಡಗಿದೆ.

ಅವರು ಸೊನ್ನೆ ಬರೆದರು. ನನ್ನ ಕಣ್ಣೆದುರೇ. ಆಮೇಲೆ ವಿವರಿಸಿದರು. ಕಪ್ಪಿನ ಹಿಂದಿನ ಮುಕ್ಕಾಲು ಗಂಟೆಯ ಕೆಲಸವನ್ನೂ ಬರೆಯುತ್ತಾರಂತೆ, ಆದರೆ ಅದು ಬರೀ ಅಭಿಪ್ರಾಯ, ಕಚೇರಿ ಒಪ್ಪಬಹುದು ಬಿಡಬಹುದು. ಸೊನ್ನೆ ಹಾಗಲ್ಲ, ಅದು ನಿಯಮ. ಒಂದು ಸೊನ್ನೆ ಬಿದ್ದರೆ "ಪೂರೈಸದ ಅಗತ್ಯ" ಎಂದಾಗುತ್ತದೆ. ಅದು ಇರುವವರೆಗೆ ಗಂಟೆ ಇಳಿಸುವ ಹಾಗಿಲ್ಲ, ಇಳಿಸಿದ್ದನ್ನು ವಾಪಸು ಕೊಡಬೇಕು, ಬೆಳಿಗ್ಗೆ ಒಬ್ಬ ಗಂಡಸನ್ನೂ ಕಳಿಸಬೇಕು. ಆದರೆ ನೋಡಿಕೊಳ್ಳುವವರು, ಅಂದರೆ ನಾನು, "ಒಪ್ಪಿದ್ದೇನೆ" ಎಂದು ಸಹಿ ಹಾಕಬೇಕು. ಒಪ್ಪದಿದ್ದರೆ ಆಕ್ಷೇಪ ಬರೆಯಬಹುದು. ಆಗ ಅದು ಸಮಿತಿಗೆ ಹೋಗುತ್ತದೆ, ಎರಡು ಮೂರು ತಿಂಗಳು. ಮಂಗಳವಾರದೊಳಗೆ ತಿಳಿಸಿ ಎಂದು ಕಾಗದ ಬಿಟ್ಟು ಹೋದರು.

ಏನು ನ್ಯಾಯ ಇದು! ನಾನು ಚೆನ್ನಾಗಿ ಮಾಡಿದೆ ಎಂದಾಗ ಕಿತ್ತುಕೊಂಡರು. ನಾನು ಕೆಟ್ಟವಳು ಎಂದು ನಾನೇ ಬರೆದುಕೊಟ್ಟರೆ ವಾಪಸು ಕೊಡುತ್ತಾರಂತೆ.

ಏಪ್ರಿಲ್ ೧೮, ಶುಕ್ರವಾರ

ಅವನ ಜೊತೆ ಮಾತು ಬಿಟ್ಟಿದ್ದೇನೆ. ಸ್ನಾನ ಮಾಡಿಸಿದೆ. ಮಾಡಿಸದೆ ಇರಲಾಗುತ್ತದಾ? ಶುರುವಿನಿಂದ ಕೊನೆಯವರೆಗೆ ಅವನು ಕಣ್ಣು ಮುಚ್ಚಿಯೇ ಇದ್ದ. ದಿನಾ ಹಾಗೇ ಇರುತ್ತಿದ್ದ, ಸೋಪಿನ ಉರಿ ಎಂದುಕೊಂಡಿದ್ದೆ. ಇವತ್ತು ಮುಖಕ್ಕೆ ಸೋಪು ಹಾಕಿರಲಿಲ್ಲ.

ನಾನೂ ಗೋಡೆ ಕಡೆ ನೋಡಿಕೊಂಡು ನೀರು ಹಾಕಿದೆ. ಅರ್ಧ ನೀರು ನನ್ನ ಮೇಲೇ ಬಿತ್ತು.

ಏಪ್ರಿಲ್ ೨೦, ಭಾನುವಾರ

ಆಕ್ಷೇಪ ಬರೆದೆ. ಮೂರು ಪುಟ. ಚೆನ್ನಾಗಿ ಬಂದಿದೆ, ನಾನೇ ಹೇಳಿಕೊಳ್ಳಬಾರದು. ಬೆಳಗಿನ ಆರರಿಂದ ಏನೇನು ಮಾಡುತ್ತೇನೆ ಎಲ್ಲ ಇದೆ. ಔಷಧಿಯ ಹೊತ್ತು, ಮಗ್ಗುಲು ಬದಲಿಸುವ ಹೊತ್ತು, ನಾನು ಬಿಟ್ಟ ಕೆಲಸಗಳು, ನಾನು ಬೇಡವೆಂದ ಸಂಬಂಧ. ಕೊನೆಯಲ್ಲಿ "ಇಂಥ ಅಕ್ಕನಿಗೆ ಸೊನ್ನೆ ಕೊಡುವ ಕೈ ಯಾವ ಕೈ?" ಎಂದು ಬರೆದೆ.

ಓದಿ ತೋರಿಸಲು ಮನೆಯಲ್ಲಿ ಬೇರೆ ಯಾರಿದ್ದಾರೆ? ಮೂರು ದಿನದ ಮೌನ ಮುರಿದು ತಮ್ಮನ ಎದುರಿಗೆ ಕೂತು ಮೂರೂ ಪುಟ ಓದಿದೆ. ಅವನು ಒಂದು ಕಡೆಯೂ ಕಣ್ಣು ತಿರುಗಿಸದೆ ಕೇಳಿದ.

"ಇದ್ರಲ್ಲಿ ಒಂದಾದ್ರೂ ಸುಳ್ಳಿದೆಯೇನೋ?"

ಕಣ್ಣು ಮುಚ್ಚಿದ. ಇಲ್ಲವಂತೆ.

"ಮತ್ತೆ ಆ ಹೆಂಗಸಿನ ಮುಂದೆ ಯಾಕೋ ನನ್ನ ಮರ್ಯಾದೆ ತೆಗ್ದೆ?"

ಸುಮ್ಮನೆ ನೋಡಿದ. ಏನು ಮಾಡಿಯಾನು? ಯಾಕೆ ಎಂಬುದಕ್ಕೆ ಅವನ ಹತ್ತಿರ ಉತ್ತರ ಇಲ್ಲ. ಹೌದು, ಇಲ್ಲ, ಇವೆರಡೇ ಇರುವುದು. ಪ್ರಶ್ನೆಯನ್ನು ನಾವೇ ಸರಿಯಾಗಿ ಕೇಳಬೇಕು. ಎಷ್ಟೋ ಹೊತ್ತು ಯೋಚಿಸಿದೆ.

"ನಾಚಿಕೆ ಆಗತ್ತೇನೋ?"

ಮೇಲೆ ನೋಡಿದ.

"ದಿನಾ?"

ಮೇಲೆ.

"ಮೊದಲೇ ಹೇಳ್ಬಾರ್ದಾಗಿತ್ತೇನೋ, ಕತ್ತೆ" ಎಂದುಬಿಟ್ಟೆ. ಆಮೇಲೆ ನನಗೇ ಗೊತ್ತಾಯಿತು. "ನಾನು ಕೇಳ್ಲೇ ಇಲ್ಲ. ಅಲ್ವಾ?"

ಮೇಲೆ ನೋಡಿದ. ಬೇಗ ಕಣ್ಣು ಇಳಿಸಿದ. ನನಗೆ ನೋವಾಗದಿರಲಿ ಎಂದು ಇಳಿಸಿದ, ಅದೂ ನನಗೆ ಗೊತ್ತಾಯಿತು. ಅಳು ಬಂತು. ಅವನೆದುರಿಗೇ ಗೊಳೋ ಎಂದು ಅತ್ತೆ. ಅವನು ಎಡಗೈಯನ್ನು ಮೆಲ್ಲಗೆ ಎಳೆದು ಎಳೆದು ನನ್ನ ಮಂಡಿಯ ಮೇಲೆ ಹಾಕಿದ. ಬೆರಳಿನ ಮೇಲೆ ಆ ಕಂಬಿಯ ಗುರುತು ಇನ್ನೂ ಇದೆ.

ಏಪ್ರಿಲ್ ೨೧, ಸೋಮವಾರ

"ಒಪ್ಪಿದ್ದೇನೆ" ಎಂಬಲ್ಲಿ ಸಹಿ ಹಾಕಿ ಕಚೇರಿಗೆ ಕೊಟ್ಟು ಬಂದೆ. ಹಾಕುವ ಮೊದಲು ಅವನನ್ನು ಕೇಳಿದೆ. ಆಕ್ಷೇಪದ ಮೂರು ಪುಟವನ್ನು ಹರಿಯಲಿಲ್ಲ, ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅದರಲ್ಲಿ ಸುಳ್ಳು ಒಂದೂ ಇಲ್ಲ.

ಮೇ ೫, ಸೋಮವಾರ

ಆದೇಶ ಬಂತು. ಎಂಟು ಗಂಟೆ ವಾಪಸು. ಬೆಳಿಗ್ಗೆ ಏಳರಿಂದ ಎಂಟು ಒಬ್ಬ ಪುರುಷ ಸಹಾಯಕ. ಗಡಿಯಾರದಮ್ಮ ಅಡುಗೆಮನೆಯಲ್ಲಿ ಚಪ್ಪಾಳೆ ತಟ್ಟಿದರು. ಅಂಗಡಿ ಯಜಮಾನರಿಗೆ ಹೇಳಿದೆ, "ಗಡ್ಡದ ಉಪಾಯ ಫಲಿಸ್ತಲ್ಲ!" ಎಂದು ಬೀಗಿದರು. ಬೀಗಲಿ ಬಿಡು ಎಂದು ಬಾಯಿ ಮುಚ್ಚಿಕೊಂಡೆ.

ಆದರೆ ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ. ಆದೇಶದ ಕೊನೆಯಲ್ಲಿ ಏನು ಬರೆದಿದ್ದಾರೆ ಗೊತ್ತಾ? "ಸದರಿ ಅಗತ್ಯ ಪೂರೈಕೆಯಾದ ಆರು ತಿಂಗಳ ನಂತರ ಗಂಟೆಗಳನ್ನು ಪುನಃ ಪರಿಶೀಲಿಸಲಾಗುವುದು." ಅಂದರೆ ಅವನು ನೆಮ್ಮದಿಯಾಗಿದ್ದಾನೆ ಎಂದು ಗೊತ್ತಾದ ಕೂಡಲೇ ಮತ್ತೆ ಕಿತ್ತುಕೊಳ್ಳುತ್ತಾರೆ. ಬರಲಿ. ಈ ಸಲ ಯಾರು ಬಂದರೂ ಏಳೂವರೆಯಿಂದ ಮಧ್ಯಾಹ್ನದವರೆಗೆ ಕೂರಿಸುತ್ತೇನೆ. ಏಳುತ್ತೇನೆ ಎಂದರೆ ಚೀಲ ಬಚ್ಚಿಡುತ್ತೇನೆ. ನನ್ನನ್ನು ಕೇಳಬೇಡಿ, ಅವನನ್ನು ಕೇಳಿ ಎನ್ನುತ್ತೇನೆ.

ಮೇ ೧೨, ಸೋಮವಾರ

ಬಂದ ಪುಣ್ಯಾತ್ಮ. ಐವತ್ತರ ಆಸುಪಾಸು, ಬೋಳು ತಲೆ, ಮೊದಲು ಆಂಬುಲೆನ್ಸಿನಲ್ಲಿ ಸ್ಟ್ರೆಚರ್ ಹೊರುತ್ತಿದ್ದನಂತೆ. ಏಳಕ್ಕೆ ಬರಬೇಕಾದವನು ಬಂದದ್ದು ಏಳೂ ಹತ್ತಕ್ಕೆ. ಗಡಿಯಾರದಮ್ಮನ ಕಾಲ ಕೆಳಗೆ ನುಸುಳಬೇಕು ಇವನು.

ನಾನು ಎಲ್ಲ ಹೇಳಿಕೊಟ್ಟೆ. ಎಡಭುಜವನ್ನು ಮೊದಲು ಎತ್ತಬಾರದು, ನೀರು ಮೊದಲು ಪಾದಕ್ಕೆ, ತಲೆಗೆ ಕೊನೆಗೆ. ಎಲ್ಲದಕ್ಕೂ "ಹ್ಞೂಂ ಅಕ್ಕಾ, ಹ್ಞೂಂ ಅಕ್ಕಾ" ಎಂದ. ಅರ್ಧವೂ ತಲೆಗೆ ಹೋದ ಹಾಗೆ ಕಾಣಲಿಲ್ಲ. ತಮ್ಮನನ್ನು ಸ್ನಾನದ ಕುರ್ಚಿಯಲ್ಲಿ ಕೂರಿಸಿ ಬಚ್ಚಲಿಗೆ ತಳ್ಳಿಕೊಂಡು ಹೋದ. ನಾನೂ ಹಿಂದೆಯೇ ಹೋಗಿ ಬಿಸಿನೀರು ಹದ ನೋಡಿ, ಸೋಪಿನ ಪೆಟ್ಟಿಗೆ ಕೈಗೆ ಕೊಟ್ಟು, ಮೂಲೆಯಲ್ಲಿ ನಿಂತೆ.

ಅವನು ನನ್ನನ್ನು ನೋಡಲಿಲ್ಲ. ಬಗ್ಗಿ ತಮ್ಮನ ಮುಖ ನೋಡಿ, "ಸಾರ್, ಬಾಗಿಲು ಹಾಕ್ಲಾ?" ಎಂದ.

ತಮ್ಮ ಮೇಲೆ ನೋಡಿದ.

ನಾನು ಹೊರಗೆ ಬಂದೆ. ಬಾಗಿಲು ಹಾಕಿಕೊಂಡಿತು. ಚಿಲಕ ತುಕ್ಕು ಹಿಡಿದಿತ್ತು, ಒಳಗಿನಿಂದ ಎರಡು ಸಲ ಬಡಿದ ಮೇಲೆ ಕೂತಿತು. ಆಮೇಲೆ ಧಾರಾಳವಾಗಿ ನೀರು ಸುರಿಯುವ ಸದ್ದು. ಅಷ್ಟೊಂದು ನೀರು ಯಾರಾದರೂ ಹಾಕುತ್ತಾರಾ? ಎರಡು ಬಕೆಟ್ ಸಾಕು ಎಂದು ಎಷ್ಟು ಸಲ ಹೇಳಿದ್ದೆ! ಇಪ್ಪತ್ತು ನಿಮಿಷದ ಕೆಲಸಕ್ಕೆ ಮೂವತ್ತೈದು ನಿಮಿಷ ತೆಗೆದುಕೊಂಡ. ಮಧ್ಯೆ ಅವನು ಏನೋ ಅಂದ, ನನಗೆ ಕೇಳಿಸಲಿಲ್ಲ, ತಮ್ಮ ಜೋರಾಗಿ ನಕ್ಕ. ಇಬ್ಬರೂ ನಕ್ಕರು. ಏನು ಜೋಕೋ ಏನೋ, ನಾಳೆ ಕೇಳಬೇಕು. ಹೇಳುತ್ತಾರೋ ಇಲ್ಲವೋ.

ಅಷ್ಟೆಲ್ಲ ಹೇಳಿಕೊಟ್ಟರೂ ಒಗೆದ ಅಂಗಿಯನ್ನು ಒಳಗೆ ತೆಗೆದುಕೊಂಡು ಹೋಗುವುದನ್ನೇ ಮರೆತಿದ್ದ. ಮಂಚದ ಮೇಲೇ ಇತ್ತು. ಇಂಥವರನ್ನೆಲ್ಲ ಎಲ್ಲಿಂದ ಹುಡುಕಿ ಕಳಿಸುತ್ತಾರೋ! ಬೈದುಕೊಂಡೇ ಅಂಗಿ ಹಿಡಿದು ಹೋಗಿ ಬಾಗಿಲು ತಟ್ಟಿದೆ. "ಬಂದೆ, ಸ್ವಲ್ಪ ಇರಿ" ಎಂದ. ಇದ್ದೆ.